ಟೆಕ್ಲಾ ಕಾಯ್ದ ಛಾವಣಿ

ಕಿನ್ಸ್‌ಲೋ ಮಾಲ್ ಬಾಗಿಲು ತೆರೆದ ದಿನ ಟೆಕ್ಲಾ ಬರ್ನಾಟ್‌ಗೆ ಇಪ್ಪತ್ತೊಂದು ವರ್ಷ. ಎಪ್ಪತ್ಮೂರರ ಆಗಸ್ಟ್ ತಿಂಗಳು. ಹೈಸ್ಕೂಲಿನ ಬ್ಯಾಂಡು ಊದುತ್ತಿತ್ತು, ಕೌಂಟಿಯ ದೊಡ್ಡ ಮನುಷ್ಯರೆಲ್ಲ ರಿಬ್ಬನ್ನಿನ ಎದುರು ನಿಂತಿದ್ದರು. ಟೆಕ್ಲಾ ಮಾತ್ರ ಕಾರಂಜಿಯ ಪಕ್ಕದಲ್ಲಿ ಬೂದು ಬಣ್ಣದ ಅಂಗಿ ತೊಟ್ಟು, ಮಾಪ್ ಹಿಡಿದು, ಜನ ಚೆಲ್ಲಿದ ಕಿತ್ತಳೆ ಸೋಡಾ ಒರೆಸುತ್ತಿದ್ದಳು.

ಅದು ಪೆನ್ಸಿಲ್ವೇನಿಯಾದ ಪಶ್ಚಿಮದ ಗುಡ್ಡಗಾಡು. ಟೆಕ್ಲಾಳ ಅಪ್ಪ ಮೈಕ್ ಕಲ್ಲಿದ್ದಲು ಗಣಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಗಣಿ ಮುಚ್ಚಿದ ಮೇಲೆ ಆ ಜಾಗವನ್ನೇ ಮಟ್ಟಸ ಮಾಡಿ, ಕಾಂಕ್ರೀಟು ಸುರಿದು, ಮಾಲ್ ಕಟ್ಟಿದರು. "ಆ ನೆಲ ನಂಗೊತ್ತು, ಅದು ಯಾರ ಮಾತೂ ಕೇಳಲ್ಲ. ಇನ್ನೈದು ವರ್ಷಕ್ಕೆ ಅಂಗಡಿಗಳೆಲ್ಲ ಕೆಳಗೆ ಹೋಗ್ತವೆ ನೋಡು" ಎಂದು ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಹೇಳುತ್ತಿದ್ದ. ಆದರೆ ತೆರೆದ ವಾರದಲ್ಲೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ತನ್ನ ತಾಯಿಯನ್ನು ಕರೆತಂದ. ಆ ಅಜ್ಜಿ ಬ್ರ್ಯಾಂಡ್ಟ್ ಬಟ್ಟೆ ಅಂಗಡಿಯ ಎಸ್ಕಲೇಟರಿನ ಮುಂದೆ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು, ಮಗನ ತೋಳು ಹಿಡಿದು ಮೇಲೆ ಹೋದಳು. ಇಳಿದು ಬಂದು ಮತ್ತೆ ಹೋದಳು. ಹೀಗೆ ನಾಲ್ಕು ಸಲ. ಏನನ್ನೂ ಕೊಳ್ಳಲಿಲ್ಲ.

ಆಗ ಅಲ್ಲಿ ಎಪ್ಪತ್ತೆರಡು ಅಂಗಡಿಗಳಿದ್ದವು. ಒಂದು ತುದಿಗೆ ಬ್ರ್ಯಾಂಡ್ಟ್, ಇನ್ನೊಂದು ತುದಿಗೆ ಹೋಲ್‌ಕಾಂಬ್. ನಡುವೆ ಶೂ ಅಂಗಡಿಗಳೇ ಒಂಬತ್ತು, ಆರ್ಗನ್ ವಾದ್ಯ ಮಾರುವವನೊಬ್ಬ, ಮೇಣದಬತ್ತಿಯ ಅಂಗಡಿ, ಟ್ರೇ ಹಿಡಿದು ಸಾಲಿನಲ್ಲಿ ನಡೆಯುವ ಕ್ಯಾಫೆಟೇರಿಯ. ಆರ್ಗನ್ನಿನವನು ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದು ಒಂದೇ ವಾಲ್ಟ್ಸ್ ಕುಣಿತದ ರಾಗ ನುಡಿಸಲು ಕೂತರೆ ಮಧ್ಯಾಹ್ನದ ಊಟದವರೆಗೆ ಬಿಡುತ್ತಿರಲಿಲ್ಲ.

ಟೆಕ್ಲಾಳ ಅಕ್ಕ ಐರೀನ್‌ಗೆ ಮಾತ್ರ ತಂಗಿಯ ಕೆಲಸ ಹಿಡಿಸಲಿಲ್ಲ. ಅವಳು ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂರುವವಳು. ಭಾನುವಾರ ಚರ್ಚು ಮುಗಿಸಿ ಎಲೆಕೋಸು, ನೂಡಲ್ಸ್ ಹುರಿದ ಹಲುಶ್ಕಿ ತಿನ್ನುವಾಗ ಚುಚ್ಚದೆ ಬಿಡುತ್ತಿರಲಿಲ್ಲ.

"ಏನೇ, ಈ ವಾರ ಎಷ್ಟು ಮೈಲಿ ಗುಡಿಸ್ದೆ?"

"ನಿನ್ನ ಬ್ಯಾಂಕು ಆರು ಸಲ ಹಿಡಿಸುವಷ್ಟು."

"ಹೇಳ್ಕೊಳ್ಳೋಕೆ ನಾಚ್ಕೆ ಆಗಲ್ವಾ ನಿಂಗೆ?"

"ನೀನು ಕೇಳ್ದೆ, ನಾನು ಹೇಳ್ದೆ. ಆ ಕ್ರೀಮ್ ಈಕಡೆ ಕೊಡು."

ಇಡೀ ಮಾಲನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆ ಹೋಲ್‌ಕಾಂಬ್ ಅಂಗಡಿಯ ಹಿಂಭಾಗದಲ್ಲಿ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಒಡೆಯ ಎಮೆಟ್ ಡ್ರೇಕಪ್, ನೌಕಾಪಡೆಯ ಹಡಗುಗಳಲ್ಲಿ ಉಗಿಯ ಜೊತೆ ಏಗಿ ಬಂದ, ಒಂದು ಕಿವಿ ಮಂದವಾದ ಮುದುಕ. ಎರಡನೆಯ ಚಳಿಗಾಲದಲ್ಲಿ ಟೆಕ್ಲಾ ಮಾಪ್ ಒಣಗಿಸಲು ಕೆಳಗಿಳಿದವಳು ಎರಡನೆಯ ಪಂಪಿನ ಮುಂದೆ ಕಿವಿಗೊಟ್ಟು ನಿಂತುಬಿಟ್ಟಳು.

"ಏನು ಹುಡುಗಿ, ದಾರಿ ತಪ್ತಾ?" ಎಂದ ಎಮೆಟ್.

"ಇದು ನಿನ್ನೆ ಹೀಗೆ ಸದ್ದು ಮಾಡ್ತಿರ್ಲಿಲ್ಲ."

ಎಮೆಟ್ ಪಂಪಿನ ಮೇಲೆ ಅಂಗೈ ಇಟ್ಟ. ಅವನ ಕಿವಿಗೆ ಕೇಳದ್ದು ಕೈಗೆ ತಿಳಿಯಿತು. ಬೇರಿಂಗ್ ಸವೆದಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಪಂಪು ಸುಟ್ಟು, ಕ್ರಿಸ್‌ಮಸ್ ವ್ಯಾಪಾರದ ನಡುವೆ ಅರ್ಧ ಮಾಲ್ ತಣ್ಣಗಾಗುತ್ತಿತ್ತು. ಅವನು ಸ್ಪ್ಯಾನರ್ ತೆಗೆದು ಅವಳ ಕೈಗೆ ಕೊಟ್ಟ. ಅಂದಿನಿಂದ ಅವಳ ಊಟದ ಬಿಡುವುಗಳೆಲ್ಲ ನೆಲಮಾಳಿಗೆಯಲ್ಲೇ ಕಳೆದವು.

ಏಳು ವರ್ಷದಲ್ಲಿ ಅವಳು ಬಾಯ್ಲರಿನ ಲೈಸೆನ್ಸ್ ಪರೀಕ್ಷೆ ಪಾಸಾದಳು, ಪರೀಕ್ಷೆಗೆ ಕೂತ ಮೂವತ್ತು ಜನರಲ್ಲಿ ಅವಳೊಬ್ಬಳೇ ಹೆಂಗಸು. ಎಮೆಟ್ ನಿವೃತ್ತನಾದಾಗ ಮಾಲ್‌ನ ಮ್ಯಾನೇಜರ್ ವೆಂಡೆಲ್ ಪ್ರೌಟಿ ಹೊರಗಿನಿಂದ ಯಾರನ್ನಾದರೂ ತರುವ ಯೋಚನೆಯಲ್ಲಿದ್ದ. ಎಮೆಟ್ ಅವನ ಆಫೀಸಿಗೆ ಹೋಗಿ ಟೋಪಿ ತೆಗೆಯದೆ ಹೇಳಿದ: "ತರ್ಸಿ, ಬೇಡ ಅನ್ನಲ್ಲ. ಬಂದವನಿಗೆ ಕೆಲಸ ಕಲಿಸೋಕೆ ಟೆಕ್ಲಾನೇ ಬೇಕಾಗುತ್ತೆ. ಇಬ್ಬರಿಗೆ ಸಂಬಳ ಕೊಡೋ ಹುಚ್ಚು ಇದ್ರೆ ಕೊಡಿ." ಪ್ರೌಟಿ ಒಬ್ಬಳಿಗೇ ಕೊಟ್ಟ.

ಇಡೀ ಕಟ್ಟಡ ಅವಳ ಕೈಗೆ ಬಂತು. ಹನ್ನೊಂದು ಎಕರೆಯ ಚಪ್ಪಟೆ ಛಾವಣಿ, ಅದರ ಮೇಲೆ ಮಳೆನೀರು ಇಳಿದುಹೋಗಲು ನೂರಾ ನಲವತ್ನಾಲ್ಕು ತೂಬು. ಎಲೆ ಉದುರುವ ಕಾಲದಲ್ಲಿ ಒಂದು ತೂಬು ಕಟ್ಟಿಕೊಂಡರೆ ನೀರು ನಿಂತು, ಹೆಪ್ಪುಗಟ್ಟಿ, ಛಾವಣಿಯ ಹೊಲಿಗೆ ಬಿಚ್ಚುತ್ತದೆ. ಆಮೇಲೆ ಒಳಗಿನ ಉಕ್ಕಿಗೆ ತುಕ್ಕು. ಅದಕ್ಕೇ ಟೆಕ್ಲಾ ಅಕ್ಟೋಬರಿನಲ್ಲಿ ವಾರಕ್ಕೆರಡು ದಿನ ಮೇಲೆ ಹತ್ತಿ ಒಂದೊಂದರ ಕಸವನ್ನೂ ಕೈಯಿಂದ ಬಳಿದು ತೆಗೆಯುತ್ತಿದ್ದಳು. ಕೈಗವಸು ಹಾಕಿದರೆ ಕಸ ಸಿಕ್ಕಿದ್ದು ತಿಳಿಯುವುದಿಲ್ಲ ಎಂದು ಬರಿಗೈ.

ಅಂಗಡಿಗಳು ಬದಲಾಗುತ್ತಲೇ ಇದ್ದವು. ಆರ್ಗನ್ನಿನವನು ಹೋಗಿ ವಿಡಿಯೊ ಗೇಮಿನ ಕತ್ತಲೆ ಕೋಣೆ ಬಂತು. ಅದೂ ಹೋಗಿ ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿ ಬಂತು, ಆಮೇಲೆ ಮೊಬೈಲ್ ಫೋನಿನದು. ಹಳಬರು ಗೊಣಗುತ್ತಿದ್ದರು. ಟೆಕ್ಲಾಳಿಗೆ ಮಾತ್ರ ಪ್ರತಿ ಅಂಗಡಿಯೂ ಅದರ ಗೋಡೆಯ ಹಿಂದಿನ ಕೊಳವೆಯ ಲೆಕ್ಕದಲ್ಲೇ ನೆನಪು. ಒಳಗೆ ಪ್ಯಾಂಟು ಮಾರಲಿ, ಪಿಯಾನೊ ಮಾರಲಿ, ಗೋಡೆಯ ಹಿಂದೆ ಹರಿಯುವ ನೀರು ಅವಳದು.

ಎಂಬತ್ತೆಂಟರಲ್ಲಿ ಸಾಕುಪ್ರಾಣಿಗಳ ಅಂಗಡಿಯಿಂದ ಒಂದು ಬೂದು ಗಿಳಿ ತಪ್ಪಿಸಿಕೊಂಡು ಛಾವಣಿಯ ತಗಡುಗಳ ಒಳಗೆ ಸೇರಿಕೊಂಡಿತು. ಒಂಬತ್ತು ದಿನ ಯಾರ ಕೈಗೂ ಸಿಗಲಿಲ್ಲ. ಬೆಳಗಿನಿಂದ ಸಂಜೆವರೆಗೆ ಧ್ವನಿವರ್ಧಕದಲ್ಲಿ ಪ್ರೌಟಿಯ ಪ್ರಕಟಣೆ ಕೇಳಿ ಕೇಳಿ ಕಲಿತಿದ್ದ ಅದು ಶೂ ಅಂಗಡಿಯ ತಲೆಯ ಮೇಲಿಂದ ಅವನದೇ ದನಿಯಲ್ಲಿ "ಗ್ರಾಹಕರ ಗಮನಕ್ಕೆ, ಗ್ರಾಹಕರ ಗಮನಕ್ಕೆ" ಎನ್ನುತ್ತಿತ್ತು. ಮುಂದೇನೂ ಇಲ್ಲ. ಜನ ಕೈಯಲ್ಲಿ ಶೂ ಹಿಡಿದು ಮುಂದಿನ ಮಾತಿಗೆ ಕಾಯುತ್ತ ನಿಲ್ಲುತ್ತಿದ್ದರು. ಪ್ರೌಟಿ ಬಲೆ ತರಿಸಿದ, ಅಗ್ನಿಶಾಮಕದವರನ್ನು ಕರೆಸಿದ. ಕಡೆಗೆ ಟೆಕ್ಲಾ ಆ ಭಾಗದ ಬಿಸಿಗಾಳಿ ನಿಲ್ಲಿಸಿ, ಬಾಯ್ಲರ್ ಕೋಣೆಯ ಬಾಗಿಲು ತೆರೆದಿಟ್ಟು ಕಾದಳು. ಚಳಿ ತಡೆಯದ ಗಿಳಿ ತಾನೇ ಕೊಳವೆಯ ದಾರಿ ಹಿಡಿದು ಕೆಳಗೆ ಬಂದು ಅವಳ ಊಟದ ಡಬ್ಬಿಯ ಮೇಲೆ ಕೂತಿತು.

"ಅದನ್ನು ಹೇಗೆ ಕರೆದ್ರಿ?" ಎಂದು ಪ್ರೌಟಿ ಬೆರಗಾಗಿ ಕೇಳಿದ.

"ಕರೀಲಿಲ್ಲ. ನಿಮ್ಮ ದನಿ ಕೇಳಿ ಕೇಳಿ ಅದಕ್ಕೂ ಸಾಕಾಗಿತ್ತು" ಎಂದಳು ಟೆಕ್ಲಾ.

ಊರಿನವರ ಬಾಯಲ್ಲಿ ಅವಳ ಹೆಸರು ನಿಂತದ್ದು ತೊಂಬತ್ನಾಲ್ಕರ ಜನವರಿಯಲ್ಲಿ. ಮಂಜುಗಡ್ಡೆಯ ಮಳೆಗೆ ಕೌಂಟಿಯ ಕರೆಂಟಿನ ತಂತಿಗಳೆಲ್ಲ ಹರಿದುಬಿದ್ದವು. ಹಿಂದೆಯೇ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ. ಮನೆ ಕಾಯಿಸುವ ಒಲೆಗಳೆಲ್ಲ ಕರೆಂಟಿಲ್ಲದೆ ಆರಿಹೋದವು. ಮಾಲ್‌ಗೆ ಗ್ಯಾಸಿನ ಬಾಯ್ಲರುಗಳಿದ್ದವು, ಪಂಪು ನಡೆಸಲು ಜನರೇಟರಿತ್ತು. ಟೆಕ್ಲಾ ಪ್ರೌಟಿಯ ಆಫೀಸಿಗೆ ಹೋದಳು.

"ಬಾಗಿಲು ತೆಗೀರಿ. ಜನ ಬರ್ಲಿ."

"ಮಾಲಿಕರ ನ್ಯೂಯಾರ್ಕಿನ ಆಫೀಸಿಗೆ ಫೋನ್ ಮಾಡ್ತಾ ಇದೀನಿ, ಟೆಕ್ಲಾ. ಲೈನ್ ಸಿಗ್ತಿಲ್ಲ. ಏನಾದ್ರೂ ಆದ್ರೆ ಹೊಣೆ ಯಾರದು?"

"ಬಿಸಿ ನನ್ನ ಹೊಣೆ. ಬೀಗ ಮಾತ್ರ ನಿಮ್ದು."

ಪ್ರೌಟಿ ಫೋನನ್ನು ನೋಡಿದ, ಕಿಟಕಿಯ ಹೊರಗೆ ನೋಡಿದ, ಬೀಗದಕೈ ಗೊಂಚಲು ಎತ್ತಿಕೊಂಡ. ಮೂರು ದಿನ ಮುನ್ನೂರಕ್ಕೂ ಹೆಚ್ಚು ಜನ ಮಾಲ್‌ನಲ್ಲಿದ್ದರು. ಪೀಠೋಪಕರಣದ ಅಂಗಡಿಯವನು ಪ್ರದರ್ಶನದ ಹಾಸಿಗೆಗಳನ್ನೆಲ್ಲ ಬಿಟ್ಟುಕೊಟ್ಟ, ಬೆಲೆಚೀಟಿ ನೇತಾಡುವ ಮಂಚಗಳ ಮೇಲೆ ಹಳೆಯ ಗಣಿ ಕಾರ್ಮಿಕರು ಹಾಡುಹಗಲೇ ಗೊರಕೆ ಹೊಡೆದರು. ಕ್ಯಾಫೆಟೇರಿಯದವರು ಇದ್ದಬದ್ದ ಬಟಾಣಿಯೆಲ್ಲ ಹಾಕಿ ಸೂಪು ಕಾಯಿಸಿದರು. ಬಂದವರಲ್ಲಿ ಐರೀನ್ ಕೂಡ ಇದ್ದಳು, ಅವಳ ಗಂಡನೂ ಇದ್ದ. ಎರಡನೆಯ ದಿನ ಮಧ್ಯಾಹ್ನ ಐರೀನ್ ಸೂಪಿನ ಬಟ್ಟಲು ಹಿಡಿದು ಮೊದಲ ಸಲ ನೆಲಮಾಳಿಗೆಗೆ ಇಳಿದು ಬಂದಳು. ತಂಗಿ ಮೂರು ಬಾಯ್ಲರುಗಳ ನಡುವೆ ಓಡಾಡುವುದನ್ನು ಬಾಗಿಲಲ್ಲೇ ನಿಂತು ನೋಡಿದಳು.

"ಇದನ್ನೆಲ್ಲ ನೀನೊಬ್ಬಳೇ ನೋಡ್ಕೋತೀಯಾ?"

"ಇಬ್ಬರು ಇದಾರೆ ಸಹಾಯಕ್ಕೆ. ಅವರ ಮನೆಗೂ ಕರೆಂಟಿಲ್ಲ, ಮಕ್ಕಳ ಹತ್ರ ಕಳ್ಸಿದೀನಿ."

"ತಿನ್ನು ಮೊದ್ಲು. ಆರಿಹೋಗುತ್ತೆ" ಎಂದಳು ಐರೀನ್. ಆಮೇಲೆ ಗುಡಿಸುವ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಹೊಸ ಶತಮಾನ ಬಂದಂತೆ ಮಾಲ್ ಸೊರಗತೊಡಗಿತು. ಹೆದ್ದಾರಿಯ ಆಚೆ ದೊಡ್ಡ ದೊಡ್ಡ ಒಂಟಿ ಅಂಗಡಿಗಳು ಎದ್ದವು, ಆಮೇಲೆ ಜನ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೊಳ್ಳಲು ಕಲಿತರು. ಎರಡು ಸಾವಿರದ ಆರರಲ್ಲಿ ಹೋಲ್‌ಕಾಂಬ್ ಮುಚ್ಚಿತು. ಬೋರ್ಡಿನ ಅಕ್ಷರಗಳನ್ನು ಕಿತ್ತರೂ ಗೋಡೆಯ ಮೇಲೆ ಅವುಗಳ ಅಚ್ಚು ಉಳಿಯಿತು, ಬಿಸಿಲು ಕಾಣದ ಆ ಭಾಗ ಮಾತ್ರ ಬಿಳಿ. ಕ್ಯಾಫೆಟೇರಿಯ ಹೋಯಿತು. ಶೂ ಅಂಗಡಿಗಳು ಒಂಬತ್ತರಿಂದ ಒಂದಕ್ಕೆ ಇಳಿದವು. ಬೆಳಗ್ಗೆ ಬಂದು ಒಳಗೆ ಸುತ್ತು ಹಾಕುವ ಹೃದ್ರೋಗದ ಮುದುಕರು ಮಾತ್ರ ತಪ್ಪದೆ ಬರುತ್ತಿದ್ದರು, ಟೆಕ್ಲಾ ಅವರಿಗಾಗಿ ದೀಪ ಬೇಗ ಹಾಕುತ್ತಿದ್ದಳು.

ಮಾಲ್ ಕೈಯಿಂದ ಕೈಗೆ ಮಾರಾಟವಾಗಿ ಎಲ್ಲೋ ದೂರದ ರಾಜ್ಯದ ಕಂಪನಿಯೊಂದರ ಪಾಲಾಯಿತು. ಎರಡು ಸಾವಿರದ ಹನ್ನೆರಡರ ನವೆಂಬರಿನಲ್ಲಿ ಅಲ್ಲಿಂದ ಅಪ್ಪಣೆ ಬಂತು: ಪಶ್ಚಿಮದ ಸಾಲು ಖಾಲಿಯಿದೆ, ಈ ವಾರವೇ ಅದರ ಬಿಸಿ ನಿಲ್ಲಿಸಿ. ಟೆಕ್ಲಾ ಫೋನ್ ಮಾಡಿದಳು. ಆ ಕಡೆ ಮಾತಾಡಿದವನಿಗೆ ಅವಸರ.

"ಸರ್, ಹಾಗೇ ನಿಲ್ಸಿದ್ರೆ ಕೊಳವೇಲಿರೋ ನೀರು ಹೆಪ್ಪುಗಟ್ಟಿ ಎಲ್ಲ ಸಿಡಿಯುತ್ತೆ. ನೀರೆಲ್ಲ ಇಳಿಸಬೇಕು. ಮೂರು ವಾರ ಕೊಡಿ."

"ಹೇಗಿದ್ರೂ ಇನ್ನೆರಡು ವರ್ಷಕ್ಕೆ ಕೆಡವೋ ಕಟ್ಟಡ ಅದು, ಮೇಡಂ. ಸುಮ್ನೆ ಸ್ವಿಚ್ ಆಫ್ ಮಾಡಿ."

ಅವಳು ಸ್ವಿಚ್ ಆಫ್ ಮಾಡಲಿಲ್ಲ. ಕೂಡಿಟ್ಟಿದ್ದ ರಜೆಯನ್ನೆಲ್ಲ ತೆಗೆದುಕೊಂಡು, ರಜೆಯ ದಿನವೇ ಕೆಲಸಕ್ಕೆ ಬಂದು, ಪಶ್ಚಿಮದ ಸಾಲಿನ ಪ್ರತಿ ಕೊಳವೆಯ ಅತಿ ತಗ್ಗಿನ ಜಾಗ ಹುಡುಕಿ ನೀರು ಇಳಿಸಿದಳು. ಉಳಿದದ್ದನ್ನು ಗಾಳಿ ಊದಿ ಹೊರಹಾಕಿದಳು. ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಬಿಸಿ ಉರಿಯಿತು. ಕಂಪನಿಯಿಂದ ಬೈಗುಳದ ಕಾಗದ ಬಂತು, ಅವಳು ಅದನ್ನು ಮಡಿಚಿ ಸ್ಪ್ಯಾನರಿನ ಡಬ್ಬಿಯ ಅಡಿಗೆ ಹಾಕಿದಳು.

ಹದಿನಾಲ್ಕರಲ್ಲಿ ಅವಳನ್ನು ಮನೆಗೆ ಕಳಿಸಿದರು. ಬೀಳ್ಕೊಡುಗೆಗೆ ಒಂದು ಕೇಕು, ಒಂದು ಗಡಿಯಾರ. ಹದಿನಾರರಲ್ಲಿ ಮಾಲ್ ಪೂರ್ತಿ ಮುಚ್ಚಿತು. ಅದಕ್ಕೆ ಮೊದಲು ಅವಳು ಕಾವಲುಗಾರ ಡೆನ್ನಿಯ ಜೊತೆ ಸೇರಿ ಉಳಿದ ಕೊಳವೆಗಳ ನೀರನ್ನೂ ಇಳಿಸಿಬಿಟ್ಟಳು. ಅಕ್ಟೋಬರ್ ಬಂದರೆ ತನ್ನ ಏಣಿ ತಾನೇ ತಂದು ಛಾವಣಿ ಹತ್ತಿ ತೂಬುಗಳ ಕಸ ಬಳಿಯುತ್ತಿದ್ದಳು.

"ಯಾರಿಗೋಸ್ಕರ ಮಾಡ್ತೀರಿ ಇದನ್ನ?" ಎಂದು ಡೆನ್ನಿ ಕೆಳಗಿನಿಂದ ಕೂಗಿ ಕೇಳಿದ.

"ಏಣಿ ಗಟ್ಟಿ ಹಿಡ್ಕೊ, ಮಾತು ಆಮೇಲೆ."

ನೀರು ನಿಲ್ಲುತ್ತದೆ ಎಂದು ಗೊತ್ತಿದ್ದೂ ಮನೆಯಲ್ಲಿ ಕೂರುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ.

ಹದಿನೇಳರಲ್ಲಿ ಕೌಂಟಿಗೆ ಒಂದು ಯೋಚನೆ ಹೊಳೆಯಿತು. ಕಮ್ಯುನಿಟಿ ಕಾಲೇಜಿಗೆ ನರ್ಸುಗಳನ್ನು ತರಬೇತಿ ಮಾಡಲು ಜಾಗ ಬೇಕಿತ್ತು, ಊರಿಗೆ ಒಂದು ದವಾಖಾನೆ ಬೇಕಿತ್ತು, ಗ್ರಂಥಾಲಯ ಸೋರುತ್ತಿತ್ತು. ಮೂರನ್ನೂ ಮಾಲ್‌ಗೆ ತರಬಹುದೇ? ಪಿಟ್ಸ್‌ಬರ್ಗಿನಿಂದ ಸಲಹೆಗಾರರು ಬಂದು ಅರ್ಧ ದಿನ ಸುತ್ತಾಡಿ ವರದಿ ಕೊಟ್ಟರು: ಕೊಳವೆಗಳು ಒಡೆದಿರಬೇಕು, ಛಾವಣಿ ಸೋರಿ ಉಕ್ಕು ತುಕ್ಕು ಹಿಡಿದಿರಬೇಕು, ಕೆಡವುವುದೇ ಸರಿ.

ಸಾರ್ವಜನಿಕ ಸಭೆ ನ್ಯಾಯಾಲಯದ ಕಟ್ಟಡದಲ್ಲಿ ನಡೆಯಿತು. ಟೆಕ್ಲಾಗೆ ಅರವತ್ತೈದು. ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟು ಹೋಗಿದ್ದಳು, ಪಕ್ಕದಲ್ಲಿ ಐರೀನ್. ಮೂರು ನಿಮಿಷ ಮಾತಾಡಲು ಅವಕಾಶ. ಧ್ವನಿವರ್ಧಕದ ಎದುರು ನಿಂತು ವರದಿಯ ಪ್ರತಿಯನ್ನು ಎತ್ತಿ ಹಿಡಿದಳು.

"ವರದಿ ಓದ್ದೆ. ಅದರಲ್ಲಿ 'ಇರಬೇಕು' ಅನ್ನೋ ಮಾತು ಹದಿನಾಲ್ಕು ಸಲ ಬಂದಿದೆ. ನೋಡಿದೀವಿ ಅನ್ನೋದು ಒಂದ್ಸಲವೂ ಇಲ್ಲ. ಆ ಕೊಳವೆಗಳಲ್ಲಿ ನೀರೇ ಇಲ್ಲ, ಒಡೆಯೋದೇನು? ನಾನೇ ಇಳ್ಸಿದ್ದು. ಹೋದ ತಿಂಗಳೂ ಛಾವಣಿ ನೋಡಿ ಬಂದಿದೀನಿ."

ಸಲಹೆಗಾರರ ಎಂಜಿನಿಯರ್ ಕೋಲ್‌ಮನ್ ಈಡ್ ಎಂಬ ನಡುವಯಸ್ಸಿನ ಮನುಷ್ಯ. ಎದ್ದು ಮರ್ಯಾದೆಯಿಂದಲೇ ಕೇಳಿದ: "ಮಿಸ್ ಬರ್ನಾಟ್, ನಿಮ್ಮ ಅಭಿಮಾನ ಅರ್ಥ ಆಗುತ್ತೆ. ಆದರೆ ಅಭಿಮಾನದ ಮೇಲೆ ಕೌಂಟಿ ಕಟ್ಟಡ ಕೊಳ್ಳೋಕಾಗಲ್ಲವಲ್ಲ?"

"ಬೇಡ, ಕೊಳ್ಳಬೇಡಿ. ನೀವೇ ಐದು ಜಾಗ ಆರಿಸಿ. ನಾನು ಹೇಳಿದ ಜಾಗ ಬೇಡ, ನಿಮಗೆ ಎಲ್ಲಿ ಅನುಮಾನವೋ ಅಲ್ಲೇ. ಗೋಡೆ ಒಡೀರಿ. ಆಮೇಲೆ ಕೊಳವೆಗೆ ನೀರು ತುಂಬಿ ಒತ್ತಡ ಕೊಡಿ. ಒತ್ತಡ ಇಳೀದೆ ನಿಂತ್ರೆ ಆಯ್ತು. ನಿಲ್ದೇ ಇದ್ರೆ ಕೆಡವೋಕೆ ನಾನೇ ಸುತ್ತಿಗೆ ತರ್ತೀನಿ."

ಯಾರೋ ನಕ್ಕರು. ಕೌಂಟಿಯವರು ತಮ್ಮತಮ್ಮಲ್ಲೇ ಪಿಸುಗುಟ್ಟಿ ಒಪ್ಪಿದರು.

ಮುಂದಿನ ಮಂಗಳವಾರ ಬೆಳಗ್ಗೆ ಮಾಲ್‌ನಲ್ಲಿ ಐವತ್ತು ಜನ ಸೇರಿದರು. ಈಡ್ ನಿಜವಾಗಿಯೂ ಕೆಟ್ಟ ಜಾಗಗಳನ್ನೇ ಆರಿಸಿದ್ದ: ಕ್ಯಾಫೆಟೇರಿಯದ ಹಿಂಗೋಡೆ, ಹೋಲ್‌ಕಾಂಬಿನ ಮೂಲೆ, ಒಳಚರಂಡಿಯ ಮಗ್ಗುಲು, ಅಂಥವೇ ಇನ್ನೆರಡು. ಮೊದಲ ಗೋಡೆ ಒಡೆದಾಗ ಅವನೇ ಟಾರ್ಚು ಹಿಡಿದು ತಲೆ ಒಳಹಾಕಿದ. ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ತೆಗೆದಾಗ ಕೂದಲ ಮೇಲೆ ಸುಣ್ಣದ ಪುಡಿ.

"ಒಣಗಿದೆ" ಎಂದ. "ಬಣ್ಣ ಕೂಡ ಹೋಗಿಲ್ಲ."

ಐದೂ ಹಾಗೇ. ಕ್ಯಾಫೆಟೇರಿಯದ ಹತ್ತಿರ ಒಂದೇ ಒಂದು ತೊಲೆಗೆ ಅಂಗೈಯಷ್ಟು ತುಕ್ಕಿತ್ತು. "ಅದು ಎಂಬತ್ತೊಂದರದು" ಎಂದಳು ಟೆಕ್ಲಾ. "ಡಿಶ್‌ವಾಷರ್ ಸೋರಿತ್ತು. ಆಮೇಲೆ ಬೆಳೆದಿಲ್ಲ, ಪಕ್ಕದಲ್ಲಿ ಸೀಮೆಸುಣ್ಣದ ಗೆರೆ ಇದೆ ನೋಡಿ, ನಾನೇ ಎಳೆದದ್ದು." ಗೆರೆ ಇತ್ತು. ತುಕ್ಕು ಅದರೊಳಗೇ ಇತ್ತು.

ಮಧ್ಯಾಹ್ನ ಕೊಳವೆಗಳಿಗೆ ನೀರು ತುಂಬಿ ಒತ್ತಡ ಕೊಟ್ಟರು. ಒತ್ತಡದ ಮಾಪಕದ ಮುಳ್ಳು ನೂರಕ್ಕೆ ಹೋಗಿ ನಿಂತಿತು. ಎರಡು ಗಂಟೆ ಕಾಯಬೇಕು. ಜನ ಕಾರಂಜಿಯ ಬರಿದಾದ ಕಟ್ಟೆಯ ಮೇಲೆ ಕೂತರು. ಡೆನ್ನಿ ಮಾಂಸ ತುಂಬಿದ ಬನ್ನು, ಪೆಪರೋನಿ ರೋಲು ತಂದು ಹಂಚಿದ. ಐರೀನ್ ಎದ್ದು ಮುಳ್ಳಿನ ಮುಂದೆ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಕಳ್ಳನನ್ನು ಕಾಯುವವಳ ಹಾಗೆ ಕೂತಳು. ಟೆಕ್ಲಾ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಪಂಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

ಎರಡು ಗಂಟೆ ಕಳೆದಾಗ ಈಡ್ ಬಗ್ಗಿ ನೋಡಿದ. ತೊಂಬತ್ತೊಂಬತ್ತೂವರೆ. ಅವನು ತನ್ನ ಫೈಲು ಮುಚ್ಚಿ, ಸುತ್ತಲಿನವರಿಗೆ ಕೇಳುವಂತೆ ಹೇಳಿದ: "ನಾನು ಇಪ್ಪತ್ತೆರಡು ವರ್ಷದಿಂದ ಖಾಲಿ ಕಟ್ಟಡ ನೋಡ್ತಾ ಇದೀನಿ. ಹೀಗೆ ಇಟ್ಟಿರೋದನ್ನ ನೋಡಿಲ್ಲ. ವರದಿ ನನ್ನ ತಪ್ಪು, ಬದಲಾಯಿಸ್ತೀನಿ." ಆಮೇಲೆ ಅವಳಿಗೆ ಕೈ ಚಾಚಿದ. ಟೆಕ್ಲಾ ಗ್ರೀಸಾದ ಕೈಯನ್ನು ಕೋಟಿಗೆ ಒರೆಸಲು ಹೋದಳು. "ಇರ್ಲಿ ಬಿಡಿ" ಎಂದು ಅವನೇ ಹಿಡಿದು ಕುಲುಕಿದ. ಅವಳ ಕತ್ತು, ಕಿವಿ ಕೆಂಪಾದವು. ಐರೀನ್ ಕುರ್ಚಿಯಿಂದಲೇ ಎಲ್ಲರಿಗೂ ಕೇಳುವಂತೆ ಮೂಗು ಸೀಟಿದಳು.

ಕೌಂಟಿ ಮಾಲನ್ನು ಕೊಂಡಿತು. ಹತ್ತೊಂಬತ್ತರ ಸೆಪ್ಟೆಂಬರಿನಲ್ಲಿ ಬ್ರ್ಯಾಂಡ್ಟ್‌ನ ಜಾಗದಲ್ಲಿ ನರ್ಸಿಂಗ್ ತರಗತಿಗಳು ಶುರುವಾದವು. ಶೂ ಅಂಗಡಿಗಳ ಸಾಲು ದವಾಖಾನೆಯಾಯಿತು. ಕ್ಯಾಫೆಟೇರಿಯದಲ್ಲಿ ಪುಸ್ತಕಗಳು ಬಂದು ಕೂತವು. ಸುತ್ತು ಹಾಕುವ ಮುದುಕರು ತಮ್ಮ ಮಂಡಿನೋವಿನ ಸಮೇತ ಹಿಂದಿರುಗಿದರು, ಈಗ ಸುತ್ತು ಮುಗಿಸಿ ರಕ್ತದೊತ್ತಡ ನೋಡಿಸಿಕೊಂಡು ಹೋಗುತ್ತಾರೆ.

ಗೋಡೆಗೆ ಅವಳ ಹೆಸರಿನ ಹಿತ್ತಾಳೆ ಫಲಕ ಹಾಕುತ್ತೇವೆ ಎಂದರು ಕಾಲೇಜಿನವರು. "ಫಲಕ ಹಾಕೋ ದುಡ್ಡಲ್ಲಿ ಎರಡನೇ ಬಾಯ್ಲರಿಗೆ ಹೊಸ ವಾಲ್ವ್ ಹಾಕ್ಸಿ. ಹಾಗೇ ನೋಡ್ಕೊಳ್ಳೋಕೆ ಯಾರಿಗಾದ್ರೂ ಕಲಿಸಬೇಕು" ಎಂದಳು ಟೆಕ್ಲಾ. ವಾಲ್ವ್ ಬಂತು. ಕಟ್ಟಡ ನಿರ್ವಹಣೆಯ ತರಗತಿಯೂ ಶುರುವಾಯಿತು, ವಾರಕ್ಕೆರಡು ದಿನ, ಕಲಿಸುವವಳು ಟೆಕ್ಲಾ ಬರ್ನಾಟ್.

ಮೊದಲ ವರ್ಷ ಆರು ಜನ ಸೇರಿದರು. ಕೆಲಸ ಕಳೆದುಕೊಂಡ ಇಬ್ಬರು ಟ್ರಕ್ ಚಾಲಕರು, ಒಬ್ಬ ಹಳೆಯ ಸೈನಿಕ, ಮೂವರು ಹೆಂಗಸರು. ಅವರಲ್ಲಿ ಲಟೋಯಾ ಗ್ರಿಮ್ಸ್ ಎಂಬ ಮೂವತ್ನಾಲ್ಕರ ತಾಯಿಯೊಬ್ಬಳು ಪಾಸಾದ ತಿಂಗಳೇ ಹೈಸ್ಕೂಲಿನ ಬಾಯ್ಲರ್ ಕೋಣೆಯ ಮೇಲ್ವಿಚಾರಕಿಯಾದಳು. ಕೆಲಸಕ್ಕೆ ಸೇರಿದ ದಿನ ಮಧ್ಯಾಹ್ನ ಟೆಕ್ಲಾಗೆ ಫೋನ್ ಮಾಡಿದಳು.

"ಮಿಸ್ ಟೆಕ್ಲಾ, ಇಲ್ಲಿರೋ ಗಂಡಸರು ನನ್ನ ಕೇಳ್ತಾರೆ, ಈ ಕೆಲಸ ಎಲ್ಲಿ ಕಲಿತೆ ಅಂತ. ಏನು ಹೇಳ್ಲಿ?"

ಟೆಕ್ಲಾ ಆಗ ತಾನೇ ಒಲೆಯಿಂದ ಕಾಫಿ ಇಳಿಸುತ್ತಿದ್ದಳು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಮಾಲ್‌ನಲ್ಲಿ ಅಂತ ಹೇಳು" ಎಂದಳು.